ಹೊರಗೆ ತಂದ ಕುರ್ಚಿ

1

ಕಾರವಾರದಲ್ಲಿ ಪಾಠ ಮಾಡಲು ಶುರು ಮಾಡಿದ ಮೊದಲ ವರ್ಷ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಮನೆಗೆ ಕರೆದರು. ಒಳ್ಳೆಯ ಓದುಗರು. ವಚನಗಳ ಬಗ್ಗೆ ಚೆನ್ನಾಗಿ ಮಾತಾಡುವವರು. ಅಂಬೇಡ್ಕರ್ ಜಯಂತಿಯ ದಿನ ಫೋಟೋಕ್ಕೆ ಹಾರ ಹಾಕಲು ಮೊದಲು ಬರುವವರು. ಮನೆ ಹೊಸದು. ಮುಂದೊಂದು ಸಿಟೌಟು. ನೆಲಕ್ಕೆ ಗ್ರಾನೈಟು, ಮೂರೂ ಬದಿಗೆ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಸೊಳ್ಳೆ ಬಲೆ. ಸಾಧಾರಣವಾಗಿ ಹಾಲ್‌ನಲ್ಲಿ ಇಡುವಂಥ ಮೆತ್ತನೆ ಸೋಫಾ ಸೆಟ್ಟು ಆ ಸಿಟೌಟಿನಲ್ಲಿತ್ತು. ಎದುರಿಗೆ ಗಾಜಿನ ಟೀಪಾಯಿ, ಅದರ ಮೇಲೆ ಹೂದಾನಿ.

"ಒಳಗಿಗಿಂತ ಇಲ್ಲೇ ತಂಪು ನೋಡಿ ಸರ್, ಕೂತ್ಕೊಳ್ಳಿ" ಅಂದರು. ಕೂತೆ. ಚಾ ಬಂತು, ಅವಲಕ್ಕಿ ಬಂತು. ಎರಡು ತಾಸು ಸಾಹಿತ್ಯದ ಮಾತಾಯಿತು. ನಡುವೆ ಅವರ ಇನ್ನೊಬ್ಬ ಸ್ನೇಹಿತರು ಬಂದರು. ಚಪ್ಪಲಿ ಬಿಟ್ಟರು, ನಮಗೆ ನಮಸ್ಕಾರ ಅಂದರು, ಸೀದಾ ಒಳಗೆ ಹೋದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ. ಕರೆಯುವ ಅಗತ್ಯವೇ ಇರಲಿಲ್ಲ.

ಆಮೇಲೆ ಮೂರು ಸಲ ಹೋದೆ. ಮೂರು ಸಲವೂ ಅದೇ ಸೋಫಾ. ನಾಲ್ಕನೆಯ ಭೇಟಿ ಜುಲೈ ತಿಂಗಳಲ್ಲಿ. ಕಾರವಾರದ ಮಳೆ ಮೇಲಿನಿಂದ ಮಾತ್ರ ಬೀಳುವುದಿಲ್ಲ, ಕಡಲ ಗಾಳಿಯ ಜತೆ ಅಡ್ಡಡ್ಡ ಬರುತ್ತದೆ. ಬಲೆಯಿಂದ ಎರಚಲು ಹೊಡೆದು ಸೋಫಾದ ಸ್ಪಂಜೆಲ್ಲ ನೆನೆದು ಕೂತಿತ್ತು. ಇವತ್ತಾದರೂ ಒಳಗೆ ಕರೆಯುತ್ತಾರೆ ಅಂದುಕೊಂಡೆ. ಅವರು ಒಳಗೆ ಹೋದರು. ಊಟದ ಮೇಜಿನ ಹತ್ತಿರದ ಒಂದು ಸಾಗವಾನಿ ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಬಂದರು. ಗೋಡೆಗೆ ತಾಗಿಸಿ, ಎರಚಲು ಬೀಳದ ಮೂಲೆಯಲ್ಲಿಟ್ಟು, ಹೆಗಲ ಮೇಲಿನ ಟವೆಲಿನಿಂದ ಒರೆಸಿ, "ಇಲ್ಲಿ ಬನ್ನಿ ಸರ್" ಅಂದರು.

ಈ ಲೇಖನ ಹುಟ್ಟಿದ್ದು ಆ ಕುರ್ಚಿಯ ಮೇಲೆ.

ಅದು ಜಾತಿಯೇ? ಇರಬಹುದು, ಇಲ್ಲದಿರಬಹುದು. ಒಳಗೆ ಹಾಸಿಗೆ ಹಿಡಿದವರು ಯಾರಾದರೂ ಇದ್ದಿರಬಹುದು. ಬಟ್ಟೆ ಒಣಗಲು ಹರವಿದ್ದಿರಬಹುದು. ಮಳೆಗಾಲದಲ್ಲಿ ಈ ಜಿಲ್ಲೆಯ ಎಲ್ಲ ಮನೆಗಳ ಒಳಗೂ ಬಟ್ಟೆಯ ಹಗ್ಗ ಇರುತ್ತದೆ. ಅವರ ಮಾತಿನಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಕುರ್ಚಿಯನ್ನು ಸ್ವತಃ ಎತ್ತಿ ತಂದರು, ಸ್ವತಃ ಒರೆಸಿದರು. ನನ್ನ ಅಜ್ಜನಿಗೆ ಇಂಥ ಗೊಂದಲ ಇರಲಿಲ್ಲ. ಒಡೆಯರ ಅಂಗಳದಲ್ಲಿ ಎಲ್ಲಿ ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು, ಯಾಕೆ ನಿಲ್ಲಬೇಕೆಂಬುದೂ ಗೊತ್ತಿತ್ತು. ಹಳೆಯ ಜಗಲಿ ಅವಮಾನವನ್ನು ಬಾಯಿಬಿಟ್ಟು ಹೇಳುತ್ತಿತ್ತು. ಹೊಸ ಸಿಟೌಟು ಹೇಳುವುದಿಲ್ಲ. ಅನುಮಾನವನ್ನು ಮಾತ್ರ ಅತಿಥಿಯ ತಲೆಯ ಮೇಲೆ ಹೊರಿಸಿ ಕಳಿಸುತ್ತದೆ. ಸಾಬೀತು ಮಾಡಬೇಕಾದವನು ನಾನು. ಮಾಡದಿದ್ದರೆ 'ಎಲ್ಲದರಲ್ಲೂ ಜಾತಿ ಹುಡುಕುವವನು' ಎನ್ನಿಸಿಕೊಳ್ಳುವವನೂ ನಾನೇ.

ದಲಿತ ವಿಮರ್ಶೆ ಇವತ್ತು ಎದುರಿಸಬೇಕಾದ ಮುಖ್ಯ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ಬೈಗುಳವನ್ನು ಓದಲು ನಮಗೆ ಬರುತ್ತದೆ. ಮರ್ಯಾದೆಯನ್ನು ಓದುವುದು ಹೇಗೆ? ನನ್ನ ಉತ್ತರ ಸಣ್ಣದು. ಮಾತನ್ನು ಬಿಡೋಣ, ಪೀಠೋಪಕರಣ ಎಲ್ಲಿದೆ ನೋಡೋಣ.

2

ಜಗಲಿ ಕನ್ನಡ ಸಾಹಿತ್ಯದಲ್ಲಿ ಬಹಳ ಮುದ್ದಿನ ಪದ. ಕರಾವಳಿ, ಮಲೆನಾಡಿನ ನೆನಪುಗಳನ್ನು ಬರೆಯುವವರು ಜಗಲಿಯಿಂದಲೇ ಶುರು ಮಾಡುತ್ತಾರೆ. ಅಜ್ಜ, ಎಲೆ ಅಡಕೆಯ ತಟ್ಟೆ, ಮಾಡಿನಿಂದ ಸುರಿಯುವ ಮಳೆ, ದಾರಿಹೋಕನಿಗೆ ಬೆಲ್ಲ ನೀರು. 'ಯಾರು ಬೇಕಾದರೂ ಬಂದು ಕೂರಬಹುದಾದ ಜಾಗ' ಎಂಬ ಮಾತು ಅಲ್ಲಿ ಬಂದೇ ಬರುತ್ತದೆ. ಈ 'ಯಾರು ಬೇಕಾದರೂ' ಎಂದರೆ ಯಾರು ಎಂದು ಕೇಳುವುದು ವಿಮರ್ಶೆಯ ಮೊದಲ ಕೆಲಸ.

ನಾನು ಅಂಕೋಲೆ ತಾಲೂಕಿನ ಒಂದು ಆಗೇರ ಕೇರಿಯವನು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ, ಮುಕ್ರಿಯವರ ಹೆಸರೂ ಇದೆ. ಉಪ್ಪಿನಾಗರ, ಗದ್ದೆ, ಕೂಲಿ, ಇಷ್ಟೇ ನಮ್ಮ ಚರಿತ್ರೆ. ಅಜ್ಜಿ ಹೇಳುತ್ತಿದ್ದ ಒಡೆಯರ ಮನೆ ಹೀಗಿತ್ತು. ಮೊದಲು ಬೇಲಿ, ಆಮೇಲೆ ಅಂಗಳ, ಚಿರೆಕಲ್ಲಿನ ಎರಡು ಮೆಟ್ಟಿಲು, ಸಗಣಿ ಸಾರಿಸಿದ ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ. ನಮ್ಮವರಿಗೆ ಅಂಗಳದ ಅಂಚು. ಗೇಣಿ ಒಕ್ಕಲಿಗೆ ಕೆಳಗಿನ ಮೆಟ್ಟಿಲು. ಸರೀಕರಿಗೆ ಜಗಲಿ. ನೆಂಟರಿಗೆ ನಡುಮನೆ. ಇದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ನೆಲದ ಎತ್ತರವೇ ಬರಹ. ಮಳೆಗಾಲದಲ್ಲಿ ಜಗಲಿಗೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತಿದ್ದರು. ತಟ್ಟಿಯ ಒಳಗಿದ್ದವರಿಗೆ ಮಳೆ ಒಂದು ದೃಶ್ಯ. ಹೊರಗಿದ್ದವರಿಗೆ ಅದು ಬರೀ ಮಳೆ. ಆ ತಟ್ಟಿ ನೇಯ್ದವಳು ನನ್ನ ಅಜ್ಜಿ.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1883ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಗೆಜೆಟಿಯರ್‌ನ ಕೆನರಾ ಸಂಪುಟ ಬಂತು. ಅದು ಜಾತಿಗಳನ್ನು ಒಂದೊಂದಾಗಿ ಹೆಸರಿಸಿ ಮನೆ, ಊಟ, ಉಡುಗೆ, ಕಸುಬು ಎಂದು ವಿವರಿಸುತ್ತಾ ಹೋಗುತ್ತದೆ. ಜಾತಿಯನ್ನು ತಿಳಿಯಬೇಕಾದರೆ ಶ್ಲೋಕ ಓದಿದರೆ ಸಾಲದು, ಮನೆಯನ್ನೂ ನೋಡಬೇಕು ಎಂಬುದು ಆ ಅಧಿಕಾರಿಗೆ ಗೊತ್ತಿತ್ತು. ಅವನು ಗುರುತಿಸಿದ್ದು ಆಳುವುದಕ್ಕೆ. ನಾವು ಗುರುತಿಸಬೇಕಾದದ್ದು ಬೇರೆ ಕಾರಣಕ್ಕೆ.

ಅದೇ 1883ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಉಳಿದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಈ ಊರಿನ ಕಡಲು ಕವಿಯನ್ನು ಹೇಗೆ ಬೆಳೆಸಿತು ಎಂದು ಇಲ್ಲಿ ನಡೆಯುವ ಸಾಹಿತ್ಯ ಸಭೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಕಡಲತೀರಕ್ಕೆ ಅವರ ಹೆಸರೂ ಇದೆ. ಆದರೆ ಅವರು ಇಲ್ಲಿ ಬರೆದ 'ಪ್ರಕೃತಿರ್ ಪ್ರತಿಶೋಧ್' ನಾಟಕದಲ್ಲಿ ಒಬ್ಬ ಅಸ್ಪೃಶ್ಯ ಅನಾಥ ಹುಡುಗಿ ಇದ್ದಾಳೆ. ಜನ ಅವಳನ್ನು ಹತ್ತಿರ ಸೇರಿಸುವುದಿಲ್ಲ. ಸಂನ್ಯಾಸಿಯೊಬ್ಬ ಅವಳಿಗೆ ಆಸರೆ ಕೊಡುತ್ತಾನೆ, ಮಮತೆಗೆ ಹೆದರಿ ಬಿಟ್ಟು ಹೋಗುತ್ತಾನೆ, ತಿರುಗಿ ಬರುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಸಭೆಗಳಲ್ಲಿ ಕಡಲು ಬರುತ್ತದೆ, ಚಂದ್ರ ಬರುತ್ತಾನೆ, ಈ ಹುಡುಗಿ ಬರುವುದಿಲ್ಲ. ಕಾರವಾರದ ಸಾಹಿತ್ಯ ಚರಿತ್ರೆಯನ್ನು ಕಡಲಿಗೆ ಮುಖ ಮಾಡಿ ಹಾಕಿದ ಆರಾಮ ಕುರ್ಚಿಯ ಮೇಲೆ ಕೂತು ಬರೆದಿದ್ದಾರೆ ಎಂದು ನಾನು ಹೇಳುವುದು ಇದಕ್ಕೇ. ಕೂತವರಿಗೆ ಕಡಲು ಕಾಣುತ್ತದೆ. ಅಂಗಳದಲ್ಲಿ ನಿಂತವರು ಕಂಡರೂ ಅವರು ದೃಶ್ಯದ ಭಾಗ ಮಾತ್ರ.

3

ಹಳೆಯ ಜಗಲಿಯಲ್ಲಿ ಎತ್ತಿಡುವ ಆಸನ ಕಡಿಮೆ. ಕಟ್ಟೆ ಗೋಡೆಯ ಜತೆಗೇ ಹುಟ್ಟಿದ್ದು. ಕಾಳಿ ನದಿ ದಾಟಿ ಗೋವೆಗೆ ಹೋದರೂ ಹಾಗೇ, ಮನೆಯೆದುರಿನ ಬಲ್ಕಾಂವ್‌ನಲ್ಲಿ ಎದುರುಬದುರು ಎರಡು ಗಾರೆಯ ಆಸನ. ಚಾಪೆ, ಮಣೆ ಬಿಟ್ಟರೆ ಸಾಮಾನೇ ಇಲ್ಲ. ಕುರ್ಚಿ ಇದ್ದರೆ ಒಂದು, ಅದು ಯಜಮಾನನದು. ಕನ್ನಡದಲ್ಲಿ ಕುರ್ಚಿ ಎಂದರೆ ಅಧಿಕಾರ ಎಂದು ಅರ್ಥ ಬಂದದ್ದು ಸುಮ್ಮನೆ ಅಲ್ಲ.

ಅಂಬೇಡ್ಕರ್ ತಮ್ಮ ಬಾಲ್ಯದ ಬಗ್ಗೆ ಬರೆದ, 1990ರಲ್ಲಿ ಪುಸ್ತಕವಾಗಿ ಬಂದ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಒಂದು ಗೋಣಿಯ ತುಂಡು ಬರುತ್ತದೆ. ಶಾಲೆಯ ಮೂಲೆಯಲ್ಲಿ ಅದರ ಮೇಲೆ ಅವರೊಬ್ಬರೇ ಕೂರಬೇಕು. ಕಸ ಗುಡಿಸುವ ಆಳೂ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಸಂಜೆ ಮನೆಗೆ ಹೊತ್ತುಕೊಂಡು ಹೋಗಬೇಕು, ಬೆಳಿಗ್ಗೆ ಮತ್ತೆ ತರಬೇಕು. ಈ ದೇಶದ ಆಸನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಅದು ಸಿಂಹಾಸನದಿಂದ ಅಲ್ಲ, ಈ ಗೋಣಿಯಿಂದ ಶುರುವಾಗಬೇಕು. ಹುಡುಗನ ಮನೆಯ ಆಸನ ಹೊರಗೆ ಬಂತು, ಯಾಕೆಂದರೆ ಶಾಲೆಯ ನೆಲ ಅವನದಲ್ಲ.

ಇದು ಹಳೆಯ ಕತೆಯಲ್ಲ. 2019ರಲ್ಲಿ ಉತ್ತರಾಖಂಡದ ತೆಹ್ರಿ ಗಢವಾಲದ ಒಂದು ಮದುವೆಯಲ್ಲಿ ಮೇಲ್ಜಾತಿಯವರ ಎದುರು ಕುರ್ಚಿಯ ಮೇಲೆ ಕೂತು ಉಂಡ ಎಂಬ ಕಾರಣಕ್ಕೆ ಹೊಡೆತ ತಿಂದ ದಲಿತ ಯುವಕ ಸತ್ತ. 2020ರ ಅಕ್ಟೋಬರಿನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಒಬ್ಬ ದಲಿತ ಪಂಚಾಯತಿ ಅಧ್ಯಕ್ಷೆ ಸಭೆಯಲ್ಲಿ ನೆಲದ ಮೇಲೆ ಕೂತ ಚಿತ್ರ ಹೊರಬಂತು. ಉಳಿದವರೆಲ್ಲ ಕುರ್ಚಿಯಲ್ಲಿದ್ದರು. 73ನೆಯ ತಿದ್ದುಪಡಿ ಅವಳಿಗೆ ಅಧ್ಯಕ್ಷಸ್ಥಾನ ಕೊಟ್ಟಿತ್ತು, ಕುರ್ಚಿ ಕೊಟ್ಟಿರಲಿಲ್ಲ. ನಮ್ಮಲ್ಲಿ ಹಾಗಿಲ್ಲ ಎಂದು ಈ ಜಿಲ್ಲೆಯವರು ಎದೆ ತಟ್ಟಿಕೊಳ್ಳುತ್ತಾರೆ. ಹೌದು, ನಮ್ಮಲ್ಲಿ ಕುರ್ಚಿ ಕೊಡುತ್ತಾರೆ. ಎಲ್ಲಿ ಹಾಕಿ ಕೊಡುತ್ತಾರೆ ಎಂಬುದೇ ನನ್ನ ಪ್ರಶ್ನೆ.

ಈ ಕಣ್ಣಿನಿಂದ ಎರಡು ಕಾದಂಬರಿಗಳನ್ನು ಮತ್ತೆ ಓದಿದೆ.

ಕಾರಂತರ 'ಚೋಮನ ದುಡಿ' 1933ರದು. ಚೋಮನಿಗೆ ಬೇಕಾದ್ದು ಉಳಲು ಒಂದಿಷ್ಟು ನೆಲ. ಕಾರಂತರ ಅನುಕಂಪ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಅನುಕಂಪ ಯಾವ ಎತ್ತರದಿಂದ ನೋಡುತ್ತದೆ? ಅಂಗಳದಲ್ಲಿ ನಿಂತ ಚೋಮ ಜಗಲಿಯಿಂದ ಚೆನ್ನಾಗಿ ಕಾಣುತ್ತಾನೆ. ಚೋಮನಿಗೆ ಜಗಲಿ ಹೇಗೆ ಕಂಡಿತು, ಮೇಲೆ ಕೂತವರ ಪಾದ ಅವನ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತೇ ಎಂಬುದು ಕೂತವರಿಗೆ ಹೊಳೆಯುವ ಪ್ರಶ್ನೆಯಲ್ಲ. ನಿಂತವರ ಮಕ್ಕಳು ಬರೆಯಲು ಕೂತ ಮೇಲೆ ಅದು ಹೊಳೆಯುತ್ತದೆ. ಸಿದ್ಧಲಿಂಗಯ್ಯನವರ ಆತ್ಮಕತೆಯ ಹೆಸರು 'ಊರುಕೇರಿ'. ಶೀರ್ಷಿಕೆಯೇ ವಿಳಾಸ.

ಅನಂತಮೂರ್ತಿಯವರ 'ಭಾರತೀಪುರ' 1973ರದು. ಜಗನ್ನಾಥ ಹೊಲೆಯರಿಂದ ಸಾಲಿಗ್ರಾಮ ಮುಟ್ಟಿಸುವ ಪ್ರಸಂಗದ ಬಗ್ಗೆ ಕನ್ನಡದಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಅವನ ತಳಮಳ, ಹೊಲೆಯರ ಭಯ, ಕೊನೆಗೆ ಅವನೇ ಕ್ರೂರಿಯಾಗುವುದು, ಎಲ್ಲ ಚರ್ಚೆಯಾಗಿದೆ. ನನಗೆ ಬೇಕಾದ್ದು ಒಂದು ಸಣ್ಣ ಸಂಗತಿ. ಅವನು ದೇವರ ಕೋಣೆಯ ಸಾಲಿಗ್ರಾಮವನ್ನು ಹೊರಗೆ ತರುತ್ತಾನೆ. ಹೊರಗಿದ್ದವರನ್ನು ದೇವರ ಕೋಣೆಗೆ ಕರೆದೊಯ್ಯುವುದಿಲ್ಲ. ಮನೆಯ ಅತ್ಯಂತ ಒಳಗಿನ ವಸ್ತು ಅಂಗಳಕ್ಕೆ ಬಂತು, ಅಂಗಳದವರು ಅಂಗಳದಲ್ಲೇ ಉಳಿದರು. ಮುಂದೆ ದೇವಸ್ಥಾನ ಪ್ರವೇಶದ ದಿನ ಏನಾಗುತ್ತದೆ? ಹೊಲೆಯರು ಒಳಗೆ ಹೋಗುವ ಮೊದಲೇ ಅರ್ಚಕರ ಮಗ ಮಂಜುನಾಥನ ಲಿಂಗವನ್ನು ಕಿತ್ತು ಹೊಳೆಗೆ ಎಸೆದಿರುತ್ತಾನೆ. ಹೊರಗಿನವರು ಒಳಗೆ ಹೋದಾಗ ಒಳಗೆ ಏನೂ ಇಲ್ಲ. ಕಾದಂಬರಿಕಾರರು ಇದನ್ನು ವ್ಯಂಗ್ಯವಾಗಿ ಬರೆದಿದ್ದಾರೆ, ಅದು ಅವರ ಪ್ರತಿಭೆ. ನಾನು ಹೇಳುವುದಿಷ್ಟೇ: ಒಳಗಿನದನ್ನು ಹೊರಗೆ ತಂದುಕೊಡುವುದು ಮತ್ತು ಹೊರಗಿನವರನ್ನು ಒಳಗೆ ಕರೆಯುವುದು ಬೇರೆ ಬೇರೆ ಕ್ರಿಯೆಗಳು. ಮೊದಲನೆಯದು ಎಷ್ಟೇ ದೊಡ್ಡ ತ್ಯಾಗವಾದರೂ ಎರಡನೆಯದಕ್ಕೆ ಸಮ ಅಲ್ಲ. ಎರಡನೆಯದನ್ನು ತಪ್ಪಿಸಿಕೊಳ್ಳಲಿಕ್ಕೇ ಕೆಲವೊಮ್ಮೆ ಮೊದಲನೆಯದು ನಡೆಯುತ್ತದೆ.

ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್'ನಲ್ಲಿ ಗಾಂಧಿಯವರ ಆತ್ಮಶುದ್ಧಿಯ ಮಾದರಿಯನ್ನೂ ಅಂಬೇಡ್ಕರರ ಸ್ವಾಭಿಮಾನದ ಮಾದರಿಯನ್ನೂ ಮುಖಾಮುಖಿಯಾಗಿಸಿದರು. ನನ್ನ ಹಿರಿಯ ಸಹೋದ್ಯೋಗಿ ತಂದ ಕುರ್ಚಿ ಮೊದಲನೆಯ ಮಾದರಿಯದು. ಎತ್ತಿದ್ದು ಅವರು, ಒರೆಸಿದ್ದು ಅವರು, ಹಗುರಾದದ್ದೂ ಅವರೇ. ಆ ನಾಟಕದಲ್ಲಿ ನನಗೆ ಪಾತ್ರವಿಲ್ಲ, ಆಸನ ಮಾತ್ರ ಇದೆ.

4

ಒಂದು ಆಕ್ಷೇಪ ಬರುತ್ತದೆ, ಗೊತ್ತು. 'ಇವತ್ತು ಎಲ್ಲರ ಮನೆಯಲ್ಲೂ ಸೋಫಾ ಹೊರಗೇ ಇದೆ. ಅದು ಫ್ಯಾಶನ್ನು. ಇದರಲ್ಲಿ ಜಾತಿ ಎಲ್ಲಿ ಬಂತು?'

ಫ್ಯಾಶನ್ನು ಎಂಬ ಮಾತನ್ನೇ ಪರೀಕ್ಷಿಸೋಣ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸಪ್ಟೆಂಬರ್ ಒಳಗೆ. ಒಳಗೆ ಇಡಲು ಮಾಡಿದ ಸಾಮಾನನ್ನು ಜಗಲಿಯಲ್ಲಿಟ್ಟರೆ ಏನಾಗುತ್ತದೆ ಎಂದು ಇಲ್ಲಿನ ಯಾವ ಬಡಗಿಯನ್ನು ಕೇಳಿದರೂ ಹೇಳುತ್ತಾನೆ. ಸ್ಪಂಜು ನೀರು ಕುಡಿದರೆ ಬಿಡುವುದಿಲ್ಲ. ಮರದ ಹೊಟ್ಟು ಒತ್ತಿ ಮಾಡಿದ ಹಲಗೆ ಉಬ್ಬಿ ಪದರು ಪದರಾಗಿ ಬಿಡುತ್ತದೆ. ಬೆತ್ತಕ್ಕೆ ಬೂಸರು ಹಿಡಿಯುತ್ತದೆ. ಉಪ್ಪು ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಬಿಟ್ಟು ಬಟ್ಟೆಗೆ ಕಲೆ ಹತ್ತುತ್ತದೆ. ತಾಳುವುದು ಸಾಗವಾನಿ, ಹಲಸು, ಇಲ್ಲವೇ ಪ್ಲಾಸ್ಟಿಕ್ ಕುರ್ಚಿ. ಸೊಳ್ಳೆ ಬಲೆ ಸೊಳ್ಳೆಯನ್ನು ತಡೆಯುತ್ತದೆ, ಎರಚಲನ್ನಲ್ಲ. ಇದೆಲ್ಲ ಗೊತ್ತಿದ್ದೂ ದುಡ್ಡು ಕೊಟ್ಟು ತಂದ ಸೋಫಾವನ್ನು ಹೊರಗಿಟ್ಟು ಕೊಳೆಸುವವರು ಯಾವುದನ್ನೋ ಉಳಿಸಿಕೊಳ್ಳುತ್ತಿದ್ದಾರೆ. ಎಲ್ಲರೂ ಜಾತಿಗಾಗಿಯೇ ಇಡುತ್ತಾರೆ ಎಂದಲ್ಲ. ಗಾಳಿಗಾಗಿ ಇಡುವವರಿದ್ದಾರೆ, ಒಳಗೆ ಜಾಗವಿಲ್ಲದೆ ಇಡುವವರಿದ್ದಾರೆ. ಆದರೆ ಒಮ್ಮೆ ಅಲ್ಲಿಟ್ಟ ಮೇಲೆ ಅದು ಒಂದು ಸೌಕರ್ಯ ಒದಗಿಸುತ್ತದೆ. ಯಾರನ್ನೂ 'ಒಳಗೆ ಬರಬೇಡ' ಎಂದು ಹೇಳಬೇಕಿಲ್ಲ. 'ಇಲ್ಲೇ ತಂಪು' ಎಂದರೆ ಸಾಕು.

ಇನ್ನೊಂದು ಅನುಭವ. 2019ರ ಅಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಅಂಕೋಲೆಯ ಹೊಳೆದಂಡೆಯ ಮನೆಗಳಿಗೆ ನುಗ್ಗಿತು. ಆ ಕಡೆ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಾಳಿ ದಂಡೆಯೂ ಮುಳುಗಿತು. ನಾನಾಗ ಇನ್ನೂ ಓದುತ್ತಿದ್ದೆ. ನೀರು ಇಳಿದ ಮೇಲೆ ನಮ್ಮ ಕೇರಿಯ ಹುಡುಗರೆಲ್ಲ ಸೇರಿ ದಂಡೆಯ ಮನೆಗಳನ್ನು ತೊಳೆಯಲು ಹೋದೆವು. ಎಲ್ಲ ಮನೆಗಳ ಒಳಗೂ ಜಗಲಿಗೆ ಬಂದಿತ್ತು. ಮಂಚ, ಹಾಸಿಗೆ, ಕಪಾಟು, ಟೀವಿ, ದೇವರ ಮಂಟಪ. ಅವನ್ನು ಹೊರಗೆ ತರಬೇಕಾದರೆ ನಾವು ಒಳಗೆ ಹೋಗಲೇಬೇಕಲ್ಲ. ಹೋದೆವು. ನಡುಮನೆ, ಅಡುಗೆಮನೆ, ಎಲ್ಲ ಕಡೆ ಮೊಣಕಾಲುದ್ದದ ಕೆಸರು ಬಳಿದೆವು. ಯಾರೂ ತಡೆಯಲಿಲ್ಲ. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಅತ್ತಳು. ಆ ಅಳು ಸುಳ್ಳಲ್ಲ.

ಮೂರು ವಾರದ ನಂತರ ಅದೇ ಮನೆಗೆ ಪರಿಹಾರದ ಅರ್ಜಿಯ ವಿಷಯಕ್ಕೆ ಹೋದೆ. ಸಾಮಾನೆಲ್ಲ ಒಣಗಿ ಒಳಗೆ ಸೇರಿತ್ತು. ಜಗಲಿಯ ಮೇಲೆ ಕುರ್ಚಿ ಹಾಕಿದರು. "ಕೂತ್ಕ ತಮಾ" ಅಂದಳು ಅದೇ ಅಜ್ಜಿ, ಪ್ರೀತಿಯಿಂದಲೇ. ಚಾ ತಂದುಕೊಟ್ಟಳು.

ಕೆಲಸಕ್ಕೆ ಹೋದರೆ ಅಡುಗೆಮನೆಯವರೆಗೆ. ಅತಿಥಿಯಾಗಿ ಹೋದರೆ ಜಗಲಿಯವರೆಗೆ. ನಮ್ಮ ಶ್ರಮ ಮಡಿ ಕೆಡಿಸುವುದಿಲ್ಲ, ನಮ್ಮ ವಿಶ್ರಾಂತಿ ಕೆಡಿಸುತ್ತದೆ. ಆದ್ದರಿಂದ ಒಂದು ಮನೆಯಲ್ಲಿ ನಾನು ಎಷ್ಟು ಒಳಗೆ ಹೋದೆ ಎಂಬುದು ಮಾತ್ರ ಅಳತೆಯಲ್ಲ. ಎಲ್ಲಿ ಕೂತೆ ಎಂಬುದು ಅಳತೆ. ಕೂರುವುದು ಎಂದರೆ ಏನೂ ಮಾಡದೆ ಇರುವ ಹಕ್ಕು.

ಈ ಹಕ್ಕನ್ನು ನನ್ನ ಅಪ್ಪ ಮೊದಲ ಸಲ ಕಂಡದ್ದು ಶಾಲೆಯ ಬೆಂಚಿನಲ್ಲಿ. ದಿನಕರ ದೇಸಾಯಿಯವರು ಈ ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿದವರು. ಅವರು 1953ರಲ್ಲಿ ಹುಟ್ಟುಹಾಕಿದ ಕೆನರಾ ವೆಲ್ಫೇರ್ ಟ್ರಸ್ಟಿನ ಹೈಸ್ಕೂಲುಗಳು ಹಳ್ಳಿ ಹಳ್ಳಿಗೆ ಬಂದವು. 1974ರ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು. ನನ್ನ ಅಜ್ಜ ಗೇಣಿದಾರನಲ್ಲ, ಕೂಲಿ. ಅವನಿಗೆ ಏನೂ ಬರಲಿಲ್ಲ. ಬಂದದ್ದು ಬೆಂಚು, ಅದೂ ಮಗನಿಗೆ. ಬೆಂಚಿನ ಗುಣ ಏನೆಂದರೆ ಅದನ್ನು ಒಬ್ಬನಿಗಾಗಿ ಎತ್ತಿ ಹೊರಗೆ ಹಾಕಲು ಬರುವುದಿಲ್ಲ. ನಾಲ್ವರು ಕೂತರೆ ನಾಲ್ವರದೂ ಒಂದೇ ಎತ್ತರ.

5

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಲಭವಾಗುತ್ತಿತ್ತು. ಆದರೆ ಒಂದು ಸೋಫಾ ನಮ್ಮ ಜಗಲಿಯ ಮೇಲೂ ಇದೆ.

ಕೆಲಸ ಸಿಕ್ಕ ಮರುವರ್ಷ ಕಂತಿನ ಮೇಲೆ ಸೋಫಾ ಸೆಟ್ಟು ತಂದೆ. ಸರಕಾರದ ಯೋಜನೆಯಲ್ಲಿ ಕಟ್ಟಿದ ಮನೆ, ಎರಡೇ ಕೋಣೆ. ಸೋಫಾ ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ಮಾಡಿದೆವು, ಉದ್ದ ಮಾಡಿದೆವು, ಕಾಲು ಬಿಚ್ಚಿದೆವು. ಕೊನೆಗೆ ಜಗಲಿಯಲ್ಲೇ ಇಟ್ಟು ಮೇಲೆ ತಾಡಪತ್ರಿ ಕಟ್ಟಿದೆವು. ಕೇರಿಯವರೆಲ್ಲ ಬಂದು ನೋಡಿದರು, ಮಕ್ಕಳು ಕುಣಿದರು. ಅವ್ವಿ ಮಾತ್ರ ಇವತ್ತಿಗೂ ಅದರ ಮೇಲೆ ಕೂರುವುದಿಲ್ಲ. ಅದರ ಪಕ್ಕ ನೆಲದ ಮೇಲೆ ಕೂತು ಬಳಚು ಬಿಡಿಸುತ್ತಾಳೆ. "ಅದು ಬಂದೋರಿಗೆ ತಮಾ, ನಂಗ್ಯಾಕೆ?" ಅನ್ನುತ್ತಾಳೆ. ಕೂರದೆ ಇರುವುದನ್ನು ಅವಳ ಮೈ ಕಲಿತಿದೆ. ಮೈ ಕಲಿತದ್ದನ್ನು ಕಂತು ಕಟ್ಟಿ ಮರೆಸಲು ಆಗುವುದಿಲ್ಲ.

ಒಂದು ಭಾನುವಾರ ಪಟ್ಟಣದಿಂದ ಪೌರಕಾರ್ಮಿಕ ಹೆಂಗಸೊಬ್ಬರು ಬಂದರು. ಮಗನ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಳ್ಳಬೇಕಿತ್ತು. ಅವರೂ ಪರಿಶಿಷ್ಟರೇ, ಆದರೆ ಬೇರೆ ಜಾತಿ, ಬೇರೆ ಊರಿಂದ ಬಂದು ಸೇರಿದವರು. ನಾನು ಸೋಫಾದಲ್ಲಿ ಕೂತು ಅರ್ಜಿ ನೋಡುತ್ತಿದ್ದೆ. ಅವ್ವಿ ಒಳಗಿಂದ ಚಾಪೆ ತಂದು ಜಗಲಿಯ ಅಂಚಿಗೆ ಹಾಸಿದಳು. ಅವರು ಕೂತರು. ಅರ್ಜಿ ತುಂಬಿಯಾಯಿತು, ಚಾ ಕುಡಿದರು, ಹೋದರು.

ಅವರು ಹೋದ ಮೇಲೆ ಚಾಪೆ ಕಣ್ಣಿಗೆ ಬಿತ್ತು. "ಅವರಿಗೆ ಯಾಕೆ ಚಾಪೆ ಹಾಕ್ದೆ ಅವ್ವಿ, ಸೋಫಾ ಖಾಲಿ ಇತ್ತಲ್ಲ?" ಅಂದೆ.

"ಅವ್ರೇ ಮೇಲೆ ಕೂರೂದಿಲ್ಲ ತಮಾ" ಅಂದಳು.

ಈ ವಾಕ್ಯವನ್ನು ನಾನು ಎಷ್ಟು ಕಡೆ ಕೇಳಿದ್ದೇನೆ! ನಮ್ಮ ಬಗ್ಗೆ ಊರಿನವರು ಹೇಳುವ ವಾಕ್ಯ ಇದು. 'ನಾವು ಬೇಡ ಅಂದಿಲ್ಲ, ಅವರೇ ಒಳಗೆ ಬರೂದಿಲ್ಲ.' ಅವ್ವಿಯ ಬಾಯಲ್ಲಿ ಅದು ಒಂದಕ್ಷರ ಬದಲಾಗದಂತೆ ಬಂದಿತ್ತು. ಅವ್ವಿಯ ಮೇಲೆ ತಪ್ಪು ಹೊರಿಸಿ ನಾನು ಪಾರಾಗಲಾರೆ. ಅವಳು ಚಾಪೆ ಹಾಸುವಾಗ ನಾನು ಅಲ್ಲೇ ಇದ್ದೆ. ಸೋಫಾದ ಮೇಲೆ ಕೂತೇ ಅರ್ಜಿ ತುಂಬಿದೆ. ಆ ಹೊತ್ತಿಗೆ ನನಗೆ ಏನೂ ಕಾಣಲಿಲ್ಲ, ಯಾಕೆಂದರೆ ಕೂತವನು ನಾನಾಗಿದ್ದೆ.

ಒಳಮೀಸಲಾತಿಯ ಚರ್ಚೆಯಲ್ಲಿ ನಮ್ಮವರೇ ನಮ್ಮವರಿಗೆ ಆಡಿದ ಮಾತುಗಳನ್ನು ನೆನೆಯಿರಿ. 2005ರಲ್ಲಿ ಸದಾಶಿವ ಆಯೋಗ ರಚನೆಯಾಯಿತು. 2024ರ ಅಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ಒಪ್ಪಿತು. ಇಷ್ಟು ವರ್ಷ ನಾವು ಶೇಕಡಾವಾರು ಲೆಕ್ಕದಲ್ಲಿ ಜಗಳವಾಡಿದೆವು. ಯಾರ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬ ಲೆಕ್ಕ ತೆಗೆಯಲಿಲ್ಲ. ತೆಗೆದಿದ್ದರೆ ಜಗಳದ ಅರ್ಧ ಉತ್ತರ ನಮ್ಮ ಜಗಲಿಯಲ್ಲೇ ಸಿಗುತ್ತಿತ್ತು.

ಅಮೆರಿಕದ ಕರಿಯ ಲೇಖಕಿ ಝೋರಾ ನೀಲ್ ಹರ್ಸ್ಟನ್ 1937ರಲ್ಲಿ ಪ್ರಕಟಿಸಿದ 'ದೇರ್ ಐಸ್ ವರ್ ವಾಚಿಂಗ್ ಗಾಡ್' ಕಾದಂಬರಿ ಶುರುವಾಗುವುದೇ ವರಾಂಡದಲ್ಲಿ ಕೂತ ಜನರಿಂದ. ಫ್ಲಾರಿಡಾದ ಈಟನ್‌ವಿಲ್, ಕರಿಯರೇ ಕಟ್ಟಿ ಆಳಿದ ಊರು. ಹಗಲಿಡೀ ಬೇರೆಯವರಿಗೆ ದುಡಿದವರು ಸಂಜೆ ತಮ್ಮದೇ ವರಾಂಡದಲ್ಲಿ ಕೂತಾಗ ಅವರಿಗೆ ಮಾತು ಬರುತ್ತದೆ, ತೀರ್ಪು ಕೊಡುವ ಅಧಿಕಾರ ಬರುತ್ತದೆ. ಆ ಭಾಗ ಓದುವಾಗ ನಮ್ಮ ಕೇರಿಯ ಸಂಜೆ ನೆನಪಾಗಿ ಖುಷಿಯಾಗಿತ್ತು. ಆಮೇಲೆ ಗಮನಿಸಿದೆ, ಆ ಜನ ಮೊದಲು ತೀರ್ಪು ಕೊಡುವುದು ಒಂಟಿಯಾಗಿ ನಡೆದು ಬರುವ ತಮ್ಮದೇ ಊರಿನ ಹೆಂಗಸಿನ ಮೇಲೆ. ಹರ್ಸ್ಟನ್ ತನ್ನವರ ಜಗಲಿಯನ್ನು ಪ್ರೀತಿಸಿದಳು, ಅದಕ್ಕೆ ಮಾಫಿ ಕೊಡಲಿಲ್ಲ. ದಲಿತ ವಿಮರ್ಶೆಗೆ ನನಗೆ ಕಂಡ ಮಾದರಿ ಇದು. ಬೇರೆಯವರ ಜಗಲಿಯನ್ನು ಅಂಗಳದಿಂದ ನೋಡುವ ಕಣ್ಣು ನಮಗೆ ಹುಟ್ಟಿನಿಂದ ಬಂದಿದೆ. ನಮ್ಮ ಜಗಲಿಯನ್ನು ಚಾಪೆಯಿಂದ ನೋಡುವ ಕಣ್ಣನ್ನು ಸಂಪಾದಿಸಬೇಕು.

6

ಕಳೆದ ಮಳೆಗಾಲದಲ್ಲಿ ಮತ್ತೆ ಆ ಹಿರಿಯ ಸಹೋದ್ಯೋಗಿಯ ಮನೆಗೆ ಹೋದೆ. ಅವರು ಎಂದಿನಂತೆ ಕುರ್ಚಿ ತಂದರು. ನಾನು ಕೂರದೆ ಕೇಳಿದೆ: "ಸರ್, ಒಳಗೆ ಕೂರೋಣವೇ?"

ಅಷ್ಟು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಧ್ವನಿ ನಡುಗಿತು. ಅವರು ನನ್ನ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. "ಅಯ್ಯೋ, ಬನ್ನಿ ಬನ್ನಿ" ಅಂದರು. ಅವಸರದಲ್ಲಿ ಅಂದರೋ ಸಂಕಟದಲ್ಲಿ ಅಂದರೋ ಗೊತ್ತಾಗಲಿಲ್ಲ. ಹಾಲ್‌ನಲ್ಲಿ ಹಗ್ಗದ ತುಂಬ ಬಟ್ಟೆ ಇತ್ತು. ಕೂರಲು ಏನೂ ಇರಲಿಲ್ಲ, ಸೋಫಾ ಹೊರಗಿತ್ತಲ್ಲ. ನಾನೇ ಹೊರಗೆ ಹೋಗಿ ಆ ಸಾಗವಾನಿ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಬಂದೆ. ಭಾರವಿತ್ತು. ಅವರು ಇನ್ನೊಂದು ತಂದರು. ಒದ್ದೆ ಬಟ್ಟೆಗಳ ನಡುವೆ ಎದುರುಬದುರು ಕೂತೆವು. ಅವತ್ತು ಸಾಹಿತ್ಯದ ಮಾತು ಹೆಚ್ಚು ಆಗಲಿಲ್ಲ.

ಇದನ್ನು ಗೆಲುವು ಎಂದು ಬರೆಯುತ್ತಿಲ್ಲ. ಬಟ್ಟೆಯ ಕಾರಣವೇ ನಿಜವಿದ್ದರೆ ನಾಲ್ಕು ವರ್ಷ ನಾನು ಒಬ್ಬ ಒಳ್ಳೆಯ ಮನುಷ್ಯನನ್ನು ಅನುಮಾನಿಸಿದೆ. ನಿಜವಲ್ಲದಿದ್ದರೆ ಅವರಿಗೆ ನಾಲ್ಕು ವರ್ಷ ಒಂದು ನೆಪ ಸಿಕ್ಕಿತ್ತು. ಎರಡರಲ್ಲಿ ಯಾವುದು ಎಂದು ಕೇಳದೆ ತಿಳಿಯುವುದಿಲ್ಲ. ಕೇಳಿದರೂ ಪೂರ್ತಿ ತಿಳಿಯದು. ಆದರೆ ಕೇಳಿದಾಗ ಅನುಮಾನದ ಹೊರೆಯ ಅರ್ಧ ಅವರ ತಲೆಗೂ ಹೋಗುತ್ತದೆ. ನಮ್ಮ ಓದಿನಲ್ಲೂ ನಾನು ಬಯಸುವುದು ಇಷ್ಟೇ. ಕತೆ ಓದುವಾಗ ಪಾತ್ರಗಳ ಮಾತಿನ ಜತೆ ಅವರ ಆಸನವನ್ನೂ ಗಮನಿಸಿ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಕುರ್ಚಿಯನ್ನು ಯಾವ ಕಡೆಯಿಂದ ಯಾವ ಕಡೆಗೆ ಒಯ್ದರು, ಒಯ್ದವರು ಯಾರು. ದಯೆ, ಅಂತಃಕರಣ, ಮಾನವೀಯತೆ ಮುಂತಾದ ಪದಗಳನ್ನು ಅದಾದ ಮೇಲೆ ಬಳಸೋಣ.

ಪೌರಕಾರ್ಮಿಕ ಹೆಂಗಸು ಮುಂದಿನ ತಿಂಗಳು ಅರ್ಜಿ ನವೀಕರಣಕ್ಕೆ ಮತ್ತೆ ಬರುತ್ತಾರೆ. ಅಷ್ಟರೊಳಗೆ ಅವ್ವಿಯ ಹತ್ತಿರ ಮಾತಾಡಬೇಕು. ಪರರ ಮನೆಯಲ್ಲಿ 'ಒಳಗೆ ಕೂರೋಣವೇ' ಎಂದು ಕೇಳುವುದಕ್ಕಿಂತ ಸ್ವಂತ ಮನೆಯಲ್ಲಿ 'ಮೇಲೆ ಕೂತ್ಕೊಳ್ಳಿ ಅಕ್ಕಾ' ಎಂದು ಹೇಳುವುದು ನನಗೆ ಇನ್ನೂ ಕಷ್ಟವಾಗಿದೆ. ಅವರು ಕೂರಲು ಒಪ್ಪದೆ ಇರಬಹುದು. ಆಗ ನಾನೂ ಅವ್ವಿಯೂ ಚಾಪೆಗೆ ಇಳಿಯಬೇಕಾಗುತ್ತದೆ.

ಸೋಫಾದ ಕಂತು ಇನ್ನೂ ಹನ್ನೊಂದು ಬಾಕಿ ಇದೆ.